ಮ್ಯಾಲ ಕುಂತ ಗಾದೆಪ್ಪ

ಕೂಡ್ಲಿಗಿ ಸೀಮೆಯಲ್ಲಿ ಗಾದೆಪ್ಪನಿಗಿಂತ ಕಡಿಮೆ ಮಾತಾಡುವ ಮನುಷ್ಯ ಇನ್ನೊಬ್ಬ ಇದ್ದರೂ ಆ ಸಂಗತಿ ಹೊರಗೆ ಬಿದ್ದಿಲ್ಲ. ಅವನಾದರೂ ಯಾರಿಗೆ ಹೇಳಿಯಾನು?

ಕುರಿ ಸಾಕುವ ಮನೆ. ಗಾದೆಪ್ಪನ ಅಪ್ಪ, ದೊಡ್ಡಪ್ಪಂದಿರು ಮಳೆ ಬೀಳುವ ತನಕ ಮಂದೆಯ ಹಿಂದೆ ಹೊಳೆದಂಡೆಯವರೆಗೆ ತಿರುಗುತ್ತಿದ್ದವರು. ಕುರಿಗಳಿಗೆ ಮಾತು ಬೇಕಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಒಂದು ಸದ್ದು ಮಾಡಿದರೆ ನಿಲ್ಲುತ್ತವೆ, ತುಟಿ ಕೂಡಿಸಿ ಇನ್ನೊಂದು ಮಾಡಿದರೆ ನಡೆಯುತ್ತವೆ. ಗಾದೆಪ್ಪ ಸಣ್ಣವನಿದ್ದಾಗ ಈ ಎರಡು ಸದ್ದು ಕಲಿತ ಮೇಲೆ ಉಳಿದ ಭಾಷೆಯ ಬಗ್ಗೆ ಅಷ್ಟಾಗಿ ಆಸಕ್ತಿ ತೋರಿಸಲಿಲ್ಲ. ಅವನು ಎಸ್ಸೆಸ್ಸೆಲ್ಸಿ ಪಾಸಾದದ್ದನ್ನು ಮನೆಯವರು ಮೇಷ್ಟ್ರಿಂದ ಕೇಳಿ ತಿಳಿದುಕೊಂಡರು.

ತಂಬ್ರಹಳ್ಳಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಸೋದರಮಾವ, "ಏನಪ್ಪ, ಹುಡುಗಿ ಮನಸಿಗೆ ಬಂದ್ಲಾ?" ಎಂದು ಕೇಳಿದ.

"ಹೂಂ" ಅಂದ ಗಾದೆಪ್ಪ.

"ಹಂಗಲ್ಲ, ಬಾಯಿಬಿಟ್ಟು ಹೇಳು."

"ಬಾಯಿಬಿಟ್ಟ ಹೇಳೀನಿ."

ಸೋದರಮಾವ ಹುಡುಗ ಬಹಳ ಗಂಭೀರ ಎಂದು ತೀರ್ಮಾನ ಕೊಟ್ಟ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಎರ್ರೆಮ್ಮ ಮಾತ್ರ ಇದು ನಾಚಿಕೆ ಎಂದುಕೊಂಡಳು. ಮದುವೆಯಾದರೆ ಹೋಗುತ್ತದೆ ಎಂದೂ ಅಂದುಕೊಂಡಳು. ಮದುವೆಯಾಗಿ, ಮಗಳು ನಾಗರತ್ನ ಹುಟ್ಟಿ, ಅವಳು ಶಾಲೆಗೆ ಹೋಗಿ ಪಾಠ ಒಪ್ಪಿಸುವಂತಾದರೂ ಅದು ಹೋಗಲಿಲ್ಲ.

ಇಂಥ ಗಾದೆಪ್ಪ ಇವತ್ತು ಹೊಟ್ಟೆ ಹೊರೆಯುವುದು ಮಾತಾಡುವ ಕೆಲಸದಿಂದ.

ಕೊಟ್ಟೂರಿನ ಜಂಬುನಾಥ ಎಂಬುವನು ಪೆಟ್ರೋಲ್ ತಯಾರಿಸುವ ರಿಫೈನರಿಗಳಿಗೆ ಆಳುಗಳ ತಂಡ ಒಯ್ಯುತ್ತಾನೆ. ಬಣ್ಣ ಬಳಿಯುವ ತಂಡವಲ್ಲ, ಕಸ ಹೊರುವ ತಂಡವೂ ಅಲ್ಲ. ಕಚ್ಚಾ ಎಣ್ಣೆಯಿಂದ ಬಂದ ನಾಫ್ತಾ ಪೆಟ್ರೋಲ್ ಆಗುವ ಮೊದಲು ರಿಯಾಕ್ಟರ್ ಎಂಬ ಎತ್ತರದ ಉಕ್ಕಿನ ಪೀಪಾಯಿಯೊಳಗೆ ಹಾದು ಬರಬೇಕು. ಅದರ ತುಂಬ ಕ್ಯಾಟಲಿಸ್ಟ್ ಇರುತ್ತದೆ, ನೋಡಲು ಶಾವಿಗೆಯನ್ನು ಅಕ್ಕಿಯಷ್ಟುದ್ದಕ್ಕೆ ಮುರಿದು ಸುರಿದ ಹಾಗೆ. ಜಂಬುನಾಥನ ತಂಡದವರು ಅದಕ್ಕೆ ಕಾಳು ಎನ್ನುತ್ತಾರೆ. ನಾಫ್ತಾದಲ್ಲಿನ ಗಂಧಕವೇ ಮೊದಲಾದ ಕೆಟ್ಟದ್ದನ್ನು ಬಿಡಿಸುವುದು ಆ ಕಾಳಿನ ಕೆಲಸ. ವರ್ಷಗಟ್ಟಲೆ ಕೆಟ್ಟದ್ದರ ಸಹವಾಸದಲ್ಲಿದ್ದು ಕಡೆಗೊಮ್ಮೆ ಕಾಳೂ ಕೆಟ್ಟು ಕೂರುತ್ತದೆ. ಆಗ ಎಲ್ಲ ನಿಲ್ಲಿಸಿ ಹಳೇ ಕಾಳು ತೆಗೆದು ಹೊಸದನ್ನು ತುಂಬಬೇಕು.

ತುಂಬುವುದಕ್ಕಿಂತ ತೆಗೆಯುವುದು ಕಷ್ಟ. ಹಳೇ ಕಾಳಿಗೆ ಗಾಳಿ ತಾಗಿದರೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ಪೀಪಾಯಿ ತುಂಬ ನೈಟ್ರೋಜನ್ ಬಿಡುತ್ತಾರೆ. ನೈಟ್ರೋಜನ್‌ನಲ್ಲಿ ಕಾಳು ಹೊತ್ತುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ. ಆದ್ದರಿಂದ ಇಳಿಯುವವನ ತಲೆಗೆ ಹೆಲ್ಮೆಟ್ ಹಾಕಿ ಹಿಂದಿನಿಂದ ಚಿಲಕ ಬಿಗಿದು, ಉಸಿರಿಗೆ ಪೈಪಿನಲ್ಲಿ ಗಾಳಿ ಬಿಡುತ್ತಾರೆ. ಅವನು ಒಳಗೆ ನಿಂತು ದಪ್ಪ ವ್ಯಾಕ್ಯೂಮ್ ಪೈಪಿನಿಂದ ಕಾಳು ಹೀರುತ್ತಾನೆ. ಪೀಪಾಯಿಯ ತುದಿಯಲ್ಲಿ ಒಂದು ದುಂಡನೆಯ ಬಾಯಿ. ಬಾಯಿಯ ಪಕ್ಕದಲ್ಲಿ ಇನ್ನೊಬ್ಬ ಕೂತು, ಗಾಳಿಯ ಪೈಪು ನೋಡಿಕೊಳ್ಳುತ್ತ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಳಗಿನವನ ಜೊತೆ ಮಾತಾಡುತ್ತಲೇ ಇರಬೇಕು. ಒಳಗಿನಿಂದ ಉತ್ತರ ಬರಲಿಲ್ಲವೆಂದರೆ ಹಗ್ಗ ಎಳೆಯಬೇಕು.

ಹರಪನಹಳ್ಳಿ ರಸ್ತೆಯಲ್ಲಿ ಮೆಕ್ಕೆಜೋಳ ತುಂಬುತ್ತಿದ್ದ ಹಳೆಯ ತಗಡಿನ ಗೋಪುರವೊಂದನ್ನು ಜಂಬುನಾಥ ಬಾಡಿಗೆಗೆ ಹಿಡಿದು ಅಲ್ಲಿಯೇ ಹುಡುಗರನ್ನು ತಯಾರು ಮಾಡುತ್ತಿದ್ದ. ಮೆಕ್ಕೆಜೋಳದೊಳಗೆ ಇಳಿದು, ಕತ್ತಲಲ್ಲಿ ಹೆಲ್ಮೆಟ್ ಹಾಕಿಕೊಂಡು, ಹೆದರದೆ ನಿಂತವನು ಪಾಸು. ಗಾದೆಪ್ಪ ಹೆದರಲಿಲ್ಲ. ಆದರೆ ಅವನ ಭುಜ ಗೋಪುರದ ಬಾಯಲ್ಲಿ ಹಿಡಿಯಲಿಲ್ಲ. ಎಡಭುಜ ಮೊದಲು ಇಳಿಸಿ ನೋಡಿದರು, ಬಲಭುಜ ಮೊದಲು ಇಳಿಸಿ ನೋಡಿದರು, ಕಡೆಗೆ ಇಬ್ಬರು ಹಿಡಿದು ಎಳೆದು ಹೊರತೆಗೆದರು.

ಮೇಲೆ ಕೂರುವ ಕೆಲಸ ಆಗ ಹಡಗಲಿಯ ಹುಲುಗೇಶನದು. ಹುಲುಗೇಶ ಸಿಕ್ಕಾಪಟ್ಟೆ ಮಾತುಗಾರ. ಒಳಗಿದ್ದವರಿಗೆ ಮಲ್ಲಿಗೆ ಹೂವಿನ ಧಾರಣೆಯಿಂದ ಹಿಡಿದು ತನ್ನ ಷಡ್ಡಕನ ಅಪೆಂಡಿಕ್ಸಿನ ತನಕ ಎಲ್ಲ ಹೇಳುತ್ತಿದ್ದ. ಒಂದು ದಿನ ತರಬೇತಿಯಲ್ಲಿ ಓಬಳೇಶ ಎಂಬ ಹುಡುಗ ಒಳಗಿನಿಂದ ಮೂರು ಸಲ "ಎಳೀರಿ" ಅಂದದ್ದು ಹುಲುಗೇಶನ ಮಾತಿನ ನಡುವೆ ಕೇಳಿಸಲೇ ಇಲ್ಲ. ಮೇಲೆ ಬಂದ ಓಬಳೇಶ ಹೆಲ್ಮೆಟ್ ತೆಗೆದ ತಕ್ಷಣ ಜಂಬುನಾಥನಿಗೆ ಹೇಳಿದ:

"ಅಣ್ಣಾ, ಇವನ್ನ ಒಳಗ ಇಳಸ್ರಿ. ಆ ಭುಜದ ಗಾದೆಪ್ಪನ್ನ ಮ್ಯಾಲ ಕುಂದ್ರಸ್ರಿ."

"ಅವ ಮಾತಾಡಂಗಿಲ್ಲೋ."

"ಅದಕ್ಕ ಹೇಳಕತ್ತೀನಿ."

ಹೀಗೆ ಗಾದೆಪ್ಪ ಮೇಲೆ ಕೂತ. ಅವನಿಗೆ ಕಿವಿ ಇತ್ತು. ಮಂದೆಯಲ್ಲಿ ಯಾವ ಕುರಿಗೆ ಎದೆ ಕಟ್ಟಿದೆ ಎಂದು ಉಸಿರಿನ ಸದ್ದಿನಿಂದ ಹೇಳುವ ಮನೆಯಲ್ಲಿ ಬೆಳೆದವನು. ತಂತಿಯಲ್ಲಿ ಓಬಳೇಶನ ಉಸಿರು ಕೇಳುತ್ತ ಕೂರುತ್ತಿದ್ದ. ಆಗೀಗ "ಅದಿಯಾ?" ಅನ್ನುತ್ತಿದ್ದ. "ಅದೀನಿ" ಎಂದು ಒಳಗಿನಿಂದ ಬರುತ್ತಿತ್ತು. ಕಂಪನಿಯವರ ನಿಯಮದಲ್ಲಿ ನಿರಂತರ ಸಂಭಾಷಣೆ ಎಂದಿತ್ತು. ಜಂಬುನಾಥ ಇದನ್ನೇ ಸಂಭಾಷಣೆ ಎಂದು ಅವರನ್ನು ಒಪ್ಪಿಸಿದ. ಗುಜರಾತ್, ಒಡಿಶಾ, ತಮಿಳುನಾಡು ಎಂದು ಎಲ್ಲೆಲ್ಲಿ ರಿಫೈನರಿ ನಿಲ್ಲುತ್ತದೋ ಅಲ್ಲೆಲ್ಲ ಈ ತಂಡ ಹೋಗಿ, ಕಾಳು ಬದಲಿಸಿ ಬಂತು. ಓಬಳೇಶ ಕೆಳಗೆ, ಗಾದೆಪ್ಪ ಮೇಲೆ, ಏನಾದರೂ ಆದರೆ ಇಳಿಯುವುದಕ್ಕೆ ಹೆಲ್ಮೆಟ್ ಹಿಡಿದು ತಯಾರಾಗಿ ಹುಲುಗೇಶ.

ಓಬಳೇಶನೂ ಕೂಡ್ಲಿಗಿ ಕಡೆಯವನೇ. ಸಣ್ಣ ಆಳು, ಹಾವಿನ ಹಾಗೆ ಎಲ್ಲಿ ಬೇಕಾದರೂ ನುಗ್ಗುವವನು. ಕೆಲಸದಲ್ಲಿ ಚೊಕ್ಕ. ಊಟಕ್ಕೆ ಕೂತಾಗ ಮಾತ್ರ ಅವನದೊಂದು ಕಥೆ ಇತ್ತು: ಅವರಪ್ಪ ಸಾಕಿದ್ದ ಕೆಂಚ ಎಂಬ ಟಗರು ಇಟ್ಟಿಗಿ ಎಂಬ ಊರಿನ ಕಾಳಗದಲ್ಲಿ ಐದು ತಾಲೂಕಿನ ಟಗರುಗಳನ್ನು ಹೊಡೆದು ಗೆದ್ದ ಕಥೆ. ಹೊಸಬರು ಯಾರು ಬಂದರೂ ಅದನ್ನು ಹೇಳುತ್ತಿದ್ದ. ಹೇಳಿದಂತೆಲ್ಲ ಕೆಂಚನ ಕೊಂಬು ಬೆಳೆಯುತ್ತಿತ್ತು. ಪಕ್ಕದಲ್ಲಿ ಕೂತ ಗಾದೆಪ್ಪ ಅನ್ನ ಕಲಸುತ್ತ ಕೇಳುತ್ತಿದ್ದ. ಆ ಕಾಳಗವನ್ನು ಅವನು ಸಣ್ಣವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ. ನೋಡಿದ್ದೇನು ಎಂದು ಹೇಳಲು ಬಹಳ ಮಾತು ಬೇಕಾಗುತ್ತಿತ್ತು, ಆದ್ದರಿಂದ ಹೇಳಿರಲಿಲ್ಲ.

ಹೋದ ವರ್ಷ ಮಳೆ ನಿಂತ ಮೇಲೆ ಪೂರ್ವ ಕರಾವಳಿಯ ಒಂದು ರಿಫೈನರಿಯಲ್ಲಿ ಶಟ್‌ಡೌನ್ ಬಂತು. ಕೆಲಸ ಶುರುವಾಗುವ ಬೆಳಿಗ್ಗೆ ಆ ಘಟಕದ ಎಂಜಿನಿಯರ್ ಪುಷ್ಪಲತಾ ತಂಡದವರನ್ನು ನೆರಳಲ್ಲಿ ಕೂರಿಸಿಕೊಂಡಳು. ಮೈಸೂರಿನ ಕಡೆಯವಳು, ಆ ಊರಲ್ಲಿ ಕನ್ನಡ ಮಾತಾಡುವವರು ಸಿಕ್ಕಿದ್ದಕ್ಕೆ ಅವಳಿಗೆ ಸ್ವಲ್ಪ ಖುಷಿಯಾಗಿತ್ತು, ಆದರೆ ಹೇಳಬೇಕಾದ ವಿಷಯ ಖುಷಿಯದಾಗಿರಲಿಲ್ಲ.

"ಈ ರಿಯಾಕ್ಟರ್ ಸುಲಭ ಅಲ್ಲ," ಅಂದಳು. "ನಮ್ಮಲ್ಲಿ ಕೋಕರ್ ಅಂತ ಇನ್ನೊಂದು ಯೂನಿಟ್ ಇದೆ. ಅಲ್ಲಿ ನೊರೆ ಉಕ್ಕದ ಹಾಗೆ ಒಂದು ಔಷಧಿ ಹಾಕ್ತಾರೆ. ಅದರಲ್ಲಿ ಸಿಲಿಕಾನ್ ಇರುತ್ತೆ. ಅದು ನಾಫ್ತಾ ಜೊತೆ ಇಲ್ಲಿಗೆ ಬಂದು ಕ್ಯಾಟಲಿಸ್ಟಿನ ಸಣ್ಣ ಸಣ್ಣ ತೂತುಗಳಲ್ಲಿ ಕೂತುಬಿಡುತ್ತೆ. ಗಂಧಕದ ಥರ ಅಲ್ಲ, ಒಂದು ಸಲ ಕೂತರೆ ಏಳೋದೇ ಇಲ್ಲ. ಕ್ಯಾಟಲಿಸ್ಟ್ ಕುರುಡಾಗುತ್ತೆ. ಆಮೇಲೆ ಗಂಧಕ ತಪ್ಪಿಸಿಕೊಂಡು ಮುಂದಿನ ಯೂನಿಟ್‌ಗೆ ಹೋಗುತ್ತೆ. ಅಲ್ಲಿರೋದು ಪ್ಲಾಟಿನಂ ಕ್ಯಾಟಲಿಸ್ಟ್. ಅದು ಇನ್ನೂ ಸೂಕ್ಷ್ಮ."

"ಪ್ಲಾಟಿನಂ ಅಂದ್ರ ಬಂಗಾರಕ್ಕಿಂತ ದೊಡ್ಡದೇನ್ರಿ ಮೇಡಂ?" ಹುಲುಗೇಶ ಕೇಳಿದ.

"ದೊಡ್ಡದೇ ಅಂತಿಟ್ಕೊಳ್ಳಿ."

"ಮತ್ತ ಆ ನೊರಿ ಔಷಧಿ ಕಮ್ಮಿ ಹಾಕಿದ್ರ ಆಗಂಗಿಲ್ಲೇನ್ರಿ?"

"ನಾನೂ ಅದನ್ನೇ ಪ್ರತಿ ಮೀಟಿಂಗಿನಲ್ಲಿ ಕೇಳ್ತೀನಿ," ಅಂದಳು. "ಬೇಗ ನಿಲ್ಲಿಸಿ ಬದಲಾಯಿಸೋಣ ಅಂತಲೂ ಕೇಳಿದ್ದೆ. ಪೆಟ್ರೋಲ್‌ಗೆ ಬೇಡಿಕೆ ಇದೆ, ಇನ್ನಷ್ಟು ದಿನ ಓಡಲಿ ಅಂದರು. ಓಡಿತು. ಈಗ ಪೈಪಿನ ತುಕ್ಕು, ಅಂಟು, ಮಸಿ ಎಲ್ಲ ಸೇರಿ ಮೇಲ್ಭಾಗ ಹೆಂಟೆ ಕಟ್ಟಿದೆ. ಎಷ್ಟು ಆಳಕ್ಕೆ ಗೊತ್ತಿಲ್ಲ. ಒಡೆದುಕೊಂಡು ಹೋಗಬೇಕು. ಗಟ್ಟಿ ಪದರದ ಕೆಳಗೆ ಟೊಳ್ಳು ಮಾಡಬೇಡಿ. ಅದೊಂದು ಮಾತು ಮರೆಯಬೇಡಿ."

ಓಬಳೇಶ ಮರೆಯಲಿಲ್ಲ. ಎರಡು ದಿನ ಜೋಪಾನವಾಗಿ ಮೇಲಿನಿಂದ ಚಾಣ ಹೊಡೆದು ಒಡೆದು, ಒಡೆದದ್ದನ್ನು ಹೀರಿ ಇಳಿದ. ಮೂರನೆಯ ದಿನ ಬೆಳಿಗ್ಗೆ ನಡುವಿನ ಕಾಳು ಮೆತ್ತಗೆ ಸಿಕ್ಕಿತು. ಹೀರಿದಂತೆ ಸರಸರ ಇಳಿಯಿತು. ಗೋಡೆಯ ಸುತ್ತಲಿನದು ಮಾತ್ರ ಹಾಗೇ ನಿಂತಿತು, ಬಾವಿಯ ಕಟ್ಟೆಯ ಹಾಗೆ, ಅವನ ತಲೆಗಿಂತ ಎತ್ತರ. ಟೊಳ್ಳು ಅವನು ಮಾಡಿದ್ದಲ್ಲ. ಒಳಗೇ ಇತ್ತು. ಚಾಣದ ಒಂದು ಪೆಟ್ಟಿಗೆ ಒಂದು ಮಗ್ಗುಲು ಪೂರಾ ಕಳಚಿ ಬಂತು.

ಗಾದೆಪ್ಪನ ಕಿವಿಗೆ ಕೇಳಿಸಿದ್ದು ಗೋಣಿಚೀಲ ಹರಿದು ಸುರಿದಂಥ ಸದ್ದು. ಪಕ್ಕದ ಟಿವಿಯಲ್ಲಿ ಒಳಗಿನ ಕ್ಯಾಮೆರಾ ಬರೀ ಧೂಳು ತೋರಿಸಿತು.

"ಓಬ್ಳ್ಯಾ, ಅದಿಯಾ?"

ಉಸಿರಿತ್ತು. ಮಾತಿರಲಿಲ್ಲ.

"ಓಬ್ಳ್ಯಾ!"

"ಅದೀನಿ," ಎಂದು ಬಂತು. "ಎದಿಮಟ ಹೂತು ಹೋಗೀನಿ. ಕೈ ಒಂದ ಹೊರಗೈತಿ."

ಜಂಬುನಾಥ ಓಡಿ ಬಂದ. ರಿಫೈನರಿಯ ಸುರಕ್ಷತಾ ಅಧಿಕಾರಿ ಬಂದ, ಉತ್ತರದ ಕಡೆಯ ಮನುಷ್ಯ, ಹಿಂದಿ ಬಿಟ್ಟು ಬೇರೆ ಬಾರದು. ಪುಷ್ಪಲತಾ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಹುಲುಗೇಶನ ತಲೆಗೆ ಹೆಲ್ಮೆಟ್ ಬಿಗಿದಾಗಿತ್ತು. ಹಗ್ಗ ಎಳೆಯುವಂತಿರಲಿಲ್ಲ. ಎದೆಯವರೆಗೆ ಕಾಳಿನಲ್ಲಿ ಹೂತವನನ್ನು ಎಳೆದರೆ ಬೆನ್ನೆಲುಬು ಉಳಿಯುವುದಿಲ್ಲ ಎಂಬುದನ್ನು ಅವರೆಲ್ಲ ಮೆಕ್ಕೆಜೋಳದ ಗೋಪುರದಲ್ಲೇ ಕಲಿತಿದ್ದರು. ಹುಲುಗೇಶ ಇಳಿದು, ಓಬಳೇಶನ ಸುತ್ತಲಿನ ಕಾಳನ್ನು ಬೊಗಸೆ ಬೊಗಸೆಯಾಗಿ ಹೀರಬೇಕು. ಮಗ್ಗುಲಲ್ಲಿ ಇನ್ನೂ ನಿಂತಿದ್ದ ಹೆಂಟೆ ಬೀಳದ ಹಾಗೆ ಹಲಗೆ ಕೊಡಬೇಕು. ಬಹಳ ಹೊತ್ತಿನ ಕೆಲಸ.

ಗಾಳಿ ಸರಿಯಾಗಿ ಹೋಗುತ್ತಿತ್ತು. ಗಾದೆಪ್ಪ ಮೀಟರ್ ನೋಡಿದ, ಪೈಪು ಮುಟ್ಟಿ ನೋಡಿದ. ಆದರೆ ತಂತಿಯಲ್ಲಿ ಓಬಳೇಶನ ಉಸಿರು ಚಿಕ್ಕದಾಗುತ್ತ, ಬಿರುಸಾಗುತ್ತ ಬಂತು. ತೋಳ ಕಂಡ ಕುರಿಯ ಉಸಿರು ಹಾಗಿರುತ್ತದೆ.

"ಗಾದ್ಯಾ, ಉಸುರು ಸಿಗವಲ್ದು. ಈ ಟೊಪಿಗಿ ತಗೀತೀನಿ."

"ತಗೀಬ್ಯಾಡ. ಗಾಳಿ ಬರಕತ್ತೈತಿ."

"ಬರವಲ್ದಲೇ! ಕೈ ಹೊರಗೈತಿ, ತಗೀತೀನಿ."

ತಂತಿಯ ಮಾತು ಟಿವಿಯ ಸ್ಪೀಕರಿನಲ್ಲಿ ಮೇಲೆ ನಿಂತವರಿಗೂ ಕೇಳಿಸುತ್ತಿತ್ತು. ಹೆಲ್ಮೆಟ್ಟಿನ ಚಿಲಕ ಹಿಂದಿದೆ ನಿಜ, ಆದರೆ ಭೀತಿ ಹತ್ತಿದವನ ಕೈಗೆ ಎಲ್ಲಿಲ್ಲದ ಬಲ ಬರುತ್ತದೆ. ಪೈಪನ್ನೇ ಕಿತ್ತುಕೊಂಡರೂ ಆಯಿತು, ಹುಲುಗೇಶ ತಲುಪುವ ಮೊದಲೇ ಎಲ್ಲ ಮುಗಿಯುತ್ತದೆ.

"ಮಾತಾಡಲೇ," ಜಂಬುನಾಥ ಗಾದೆಪ್ಪನ ಕಿವಿಯಲ್ಲಿ ಹೇಳಿದ. "ಏನರ ಮಾತಾಡು. ಹೆಂಡ್ತಿ ಮಕ್ಕಳ ಸುದ್ದಿ ತಗಿ."

ಗಾದೆಪ್ಪ ಹಣೆ ಒರೆಸಿಕೊಂಡ. "ಓಬ್ಳ್ಯಾ, ನಿನ್ನ ಮಗ ಹೆಂಗದಾನ?"

"ನನ್ನ ಮಗನ ಸುದ್ದಿ ಯಾಕ ತಗೀತಿಯಲೇ?" ಒಳಗಿನ ದನಿ ಚೀರಿತು. "ನಾ ಸಾಯಕತ್ತೀನಿ ಅಂತ ತಾನ? ಎಂದರ ಕೇಳಿದ್ದೇನು ನೀ ಅವನ್ನ? ನಾ ಉಳಿಯಂಗಿಲ್ಲ, ಅದಕ್ಕ ಕೇಳಕತ್ತಿ!"

ಉಸಿರು ಮತ್ತಷ್ಟು ಕೆಟ್ಟಿತು. ಟಿವಿಯಲ್ಲಿ ಧೂಳಿನ ನಡುವೆ ಒಂದು ಕೈ ಕುತ್ತಿಗೆಯ ಹತ್ತಿರ ಹೋಗುತ್ತಿರುವುದು ಮಸುಕಾಗಿ ಕಂಡಿತು. ಗಾದೆಪ್ಪನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಯಾವತ್ತೂ ಬಂದಿರಲಿಲ್ಲ. ಬಾಯಿ ತೆರೆದ, ಬಂದದ್ದು ಇದು:

"ನಿಮ್ಮ ಕೆಂಚ ಗೆದ್ದಿರಲಿಲ್ಲ."

ಕೈ ನಿಂತಿತು.

"ಏನಂದಿ?"

"ಇಟ್ಟಿಗ್ಯಾಗ. ನಾ ನೋಡೀನಿ. ಕೆಂಚ ಓಡಿ ಹೋತು."

ಓಬಳೇಶ, ಎದೆಯವರೆಗೆ ಹೂತವನ ದನಿಯಲ್ಲದ ದನಿಯಲ್ಲಿ, "ಲೇ ಗಾದ್ಯಾ, ಯಾವ ಟಗರಿನ ಸುದ್ದಿ ಹೇಳಕತ್ತೀ ನೀ?" ಅಂದ.

"ನಿಮ್ಮಪ್ಪನ ಟಗರು. ಹಣಿಗೆ ಅರಿಷಿಣ ಹಚ್ಚಿದ್ರು. ಒಂದ ಗುದ್ದು ಗುದ್ದಿತು. ಆಮ್ಯಾಲ ಹೊಳ್ಳಿ ನಿಂತು, ಮಂದಿ ನಡುವ ಹಾದು, ಮಿರ್ಚಿ ಅಂಗಡ್ಯಾಗ ನುಗ್ಗಿತು. ಬಾಂಡ್ಲಿ ಎಣ್ಣಿ ಎಲ್ಲ ಚೆಲ್ಲಿತು. ನಿಮ್ಮಪ್ಪ ಅದರ ಬೆನ್ನಹತ್ತಿ ಹೋದ."

"ಸುಳ್ಳ!"

"ನಾ ನಮ್ಮಪ್ಪನ ಹೆಗಲ ಮ್ಯಾಲ ಇದ್ದೆ. ನಿನಗಿಂತ ಚಲೋ ಕಾಣ್ತಿತ್ತು ನನಗ."

"ನೀ ಅವಾಗ ಗೇಣುದ್ದ ಇದ್ದಿ, ನಿನಗೇನ್ ಗೊತ್ತು?"

"ನೀನೂ ಗೇಣುದ್ದ ಇದ್ದಿ."

ಗಾದೆಪ್ಪ ಕೇಳಿಸಿಕೊಂಡ. ಉಸಿರು ಉದ್ದವಾಗಿತ್ತು. ಸಿಟ್ಟು ಬಂದವನಿಗೆ ಬೈಯಲು ಗಾಳಿ ಬೇಕು, ಆಳವಾಗಿ ಎಳೆದುಕೊಳ್ಳುತ್ತಾನೆ. ಇದು ತಿಳಿದ ಮೇಲೆ ಗಾದೆಪ್ಪ ಬಿಡಲಿಲ್ಲ. ಕೆಂಚನ ಕೊಂಬು ಓಬಳೇಶ ಹೇಳಿದಷ್ಟು ಉದ್ದ ಇರಲಿಲ್ಲ, ಎಡಗಡೆಯದು ತುದಿ ಮುರಿದಿತ್ತು ಎಂದ. ಐದು ತಾಲೂಕಿನ ಟಗರು ಬಂದಿರಲಿಲ್ಲ, ಬಂದದ್ದು ಬರೀ ಇಟ್ಟಿಗಿಯದೇ ಇನ್ನೊಂದು ಎಂದ. ಟಗರು ಮುಗಿದ ಮೇಲೆ ಬೇರೆ ಹಿಡಿದ. ಒಡಿಶಾದಲ್ಲಿ ತನ್ನ ಕಂಬಳಿ ಇಸಕೊಂಡು ಬೀಡಿ ಕಿಡಿ ಬೀಳಿಸಿ ತೂತು ಮಾಡಿ, ಇಲಿ ಕಡಿದದ್ದು ಎಂದು ಹೇಳಿದ್ದನ್ನು ತೆಗೆದ. ಗೊರಕೆಯನ್ನು ತೆಗೆದ. ರೈಲಿನಲ್ಲಿ ಯಾವಾಗಲೂ ಕಿಟಕಿಯ ಪಕ್ಕ ಕೂತು ಗುಟ್ಕಾ ಉಗಿದು, ಗಾಳಿಗೆ ಅದು ಹಿಂದಿನವರ ಮೇಲೆ ಬೀಳುವುದನ್ನು ತೆಗೆದ. ಮೊದಲು ಓಬಳೇಶನಿಗಾಗಿ ಶುರು ಮಾಡಿದ್ದ. ಕಂಬಳಿಯ ಹೊತ್ತಿಗೆ ಅವನಿಗೇ ನಿಜವಾದ ಸಿಟ್ಟು ಬಂದಿತ್ತು. ಇಷ್ಟೊಂದು ತನ್ನೊಳಗೆ ಇದೆ ಎಂದು ಗಾದೆಪ್ಪನಿಗೆ ಗೊತ್ತಿರಲಿಲ್ಲ. ಒಂದೊಂದಾಗಿ ಬರುತ್ತಲೇ ಇತ್ತು.

ಅಷ್ಟರಲ್ಲಿ ಹುಲುಗೇಶ ಓಬಳೇಶನ ಪಕ್ಕ ತಲುಪಿ ಕಾಳು ಹೀರುತ್ತಿದ್ದ. ಅವನ ಹೆಲ್ಮೆಟ್ಟಿನಲ್ಲೂ ಇದೇ ತಂತಿ.

"ಗಾದೆಪ್ಪ, ಅದು ಮಿರ್ಚಿ ಅಂಗಡಿನಾ, ವಗ್ಗರಣಿ ಅಂಗಡಿನಾ?" ಎಂದು ಕೇಳಿದ.

"ಮಿರ್ಚಿ."

"ನೀ ಸುಮ್ಕ ಕಾಳು ಹೀರಲೇ ಹುಲುಗ್ಯಾ!" ಓಬಳೇಶ ಗದರಿದ. "ಇದು ನನಗೂ ಅವನಿಗೂ ಇರೋ ಮಾತು."

ಸುರಕ್ಷತಾ ಅಧಿಕಾರಿ ಪುಷ್ಪಲತಾಳ ಕಡೆ ತಿರುಗಿ, ಏನು ಹೇಳುತ್ತಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದ.

"ಒಂದು ಟಗರಿನ ಬಗ್ಗೆ," ಅಂದಳು ಪುಷ್ಪಲತಾ.

"ಎಲ್ಲಿದೆ ಟಗರು?"

"ಈಗ ಎಲ್ಲೂ ಇಲ್ಲ. ಅದು ಸೋತಿತ್ತೋ ಗೆದ್ದಿತ್ತೋ ಅಂತ."

ಅಧಿಕಾರಿ ಸ್ವಲ್ಪ ಯೋಚಿಸಿ, ಮುಂದುವರಿಸಲಿ ಎಂದ. ಅವನ ವರದಿಯಲ್ಲಿ ಒಳಗಿನ ಕೆಲಸಗಾರನ ಜೊತೆ ಸಂಭಾಷಣೆ ನಿರಂತರವಾಗಿತ್ತು ಎಂದು ಬರೆದಿದೆ. ಏನು ಸಂಭಾಷಣೆ ಎಂದು ಬರೆದಿಲ್ಲ.

ಮಧ್ಯಾಹ್ನದ ಸೈರನ್ ಕೂಗಿದ ಮೇಲೆ ಓಬಳೇಶನ ಮೊಣಕಾಲು ಕಾಳಿನಿಂದ ಹೊರಬಂತು. ಸೊಂಟಕ್ಕೆ ಪಟ್ಟಿ ಕಟ್ಟಿ ನಿಧಾನಕ್ಕೆ ಎತ್ತಿದರು. ಪೀಪಾಯಿಯ ಬಾಯಿಯಿಂದ ಅವನ ತಲೆ ಹೊರಬಂದಾಗ ಜಂಬುನಾಥ ಅಳುತ್ತಿದ್ದ. ಹೆಲ್ಮೆಟ್ಟಿನ ಚಿಲಕ ತೆಗೆದವನು ಗಾದೆಪ್ಪನೇ. ಓಬಳೇಶನ ಮುಖ ಬೆವರು, ಕಣ್ಣು ಕೆಂಪು. ಸುತ್ತ ನಿಂತವರೆಲ್ಲ ಅವನ ಮೊದಲ ಮಾತಿಗೆ ಕಾದರು.

"ಇಟ್ಟಿಗಿ ಮಾರಣ್ಣ ಇನ್ನೂ ಅದಾನ," ಅಂದ ಓಬಳೇಶ, ಗಾದೆಪ್ಪನ ಮುಖಕ್ಕೆ. "ಆ ಕಾಳಗ ಮಾಡಿಸಿದಾವ ಅವ. ಕೇಳಾಮ ನಡಿ."

ಆಸ್ಪತ್ರೆಯಲ್ಲಿ ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ಉಳಿದಂತೆ ಏನಿಲ್ಲ ಎಂದರು. ಎಲ್ಲರೂ ಗಾದೆಪ್ಪನ ಬೆನ್ನು ತಟ್ಟಿದರು. ಅವನು ಮಾಡಿದ್ದೇನೆಂದು ಅರ್ಥವಾಗಿ ಓಬಳೇಶ ಕೈ ಹಿಡಿದು ಕಣ್ಣೀರು ಹಾಕುತ್ತಾನೆ ಎಂದು ಜಂಬುನಾಥ ನಿರೀಕ್ಷಿಸಿದ. ಓಬಳೇಶನಿಗೆ ಅರ್ಥವಾಗಿತ್ತು. ಆದರೂ ಅವನು ಗಾದೆಪ್ಪನ ಜೊತೆ ಮಾತು ಬಿಟ್ಟ. ಜೀವ ಉಳಿಸಿದ್ದು ಬೇರೆ, ಕೆಂಚನಿಗೆ ಅಂದದ್ದು ಬೇರೆ ಎಂಬುದು ಅವನ ವಾದ. ಗಾದೆಪ್ಪನಿಗೂ ಇದು ನ್ಯಾಯವೆಂದೇ ಕಂಡಿತು.

ಉಳಿದ ಕಾಳನ್ನು ಹುಲುಗೇಶ ಮತ್ತು ಇನ್ನಿಬ್ಬರು ತೆಗೆದರು. ಹೊಸ ಕಾಳು ತುಂಬಿ, ಬಾಯಿ ಮುಚ್ಚಿ ಬೋಲ್ಟು ಬಿಗಿದ ದಿನ ಪುಷ್ಪಲತಾ ಬಂದು, ನೊರೆಯ ಔಷಧಿ ಅರ್ಧಕ್ಕೆ ಇಳಿಸಲು ಮೀಟಿಂಗಿನಲ್ಲಿ ಒಪ್ಪಿದ್ದಾರೆ ಎಂದು ಹೇಳಿದಳು. ತಾನು ತೋರಿಸಿದ ನಕ್ಷೆಗಳಿಂದ ಆಗದ್ದು ಒಬ್ಬ ಹೂತುಹೋದ ಮೇಲೆ ಆಯಿತು ಎಂದಳು. ಅವಳ ಮುಖದಲ್ಲಿ ಗೆದ್ದ ಖುಷಿ ಅಂಥದ್ದೇನೂ ಇರಲಿಲ್ಲ.

ಊರಿಗೆ ಬಂದು, ಓಬಳೇಶನ ಪಕ್ಕೆ ವಾಸಿಯಾದ ಮೇಲೆ, ಹುಲುಗೇಶನನ್ನು ಮಧ್ಯಸ್ಥಿಕೆಗೆ ಇಟ್ಟುಕೊಂಡು ಮೂವರೂ ಹಡಗಲಿಯಿಂದ ಇಟ್ಟಿಗಿಯ ಬಸ್ಸು ಹತ್ತಿದರು. ಬಸ್ಸಿನಲ್ಲಿ ಹುಲುಗೇಶನೊಬ್ಬನೇ ಮಾತಾಡಿದ. ಮಾರಣ್ಣ ಹಣ್ಣು ಹಣ್ಣು ಮುದುಕ, ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ. ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಇನ್ನೊಮ್ಮೆ ಹೇಳಿಸಿ, ನಕ್ಕ.

"ಕೆಂಚನಾ? ಓಡಿದ್ದು ಖರೆ. ಮಿರ್ಚಿ ಅಂಗಡಿ ನಮ್ಮ ಅಳಿಯಂದ, ನುಕ್ಸಾನಾತು."

ಓಬಳೇಶನ ತಲೆ ಬಾಗಿತು.

"ಆದ್ರ," ಮಾರಣ್ಣ ಬೆರಳೆತ್ತಿದ, "ನಮ್ಮೂರಿನ ಟಗರು ಅದಕ್ಕಿಂತ ಮೊದಲ ಓಡಿತ್ತು. ಆ ಕಡಿ, ಬೇಲಿ ಹಾರಿ. ಎಲ್ಲಾರೂ ಈ ಕಡಿ ನೋಡಿದ್ರು, ಅಂಗಡಿ ಬಿತ್ತಲ್ಲ ಅದಕ್ಕ. ಎರಡೂ ಓಡಿದ್ವು. ಗೆದ್ದಿದ್ದಕ್ಕ ಕೊಡ್ತೀನಿ ಅಂದಿದ್ದ ಕಡಗ ಯಾರಿಗೂ ಕೊಡಲಿಲ್ಲ."

ಮೂವರೂ ಬಸ್ಸಿಗೆ ಕಾಯುತ್ತ ನಿಂತರು. ದೂರದಲ್ಲಿ ಬಸ್ಸು ಕಂಡಾಗ ಓಬಳೇಶ, "ಮೊದಲ ಓಡಿದ್ದು ಅದು," ಅಂದ.

"ಹೂಂ," ಅಂದ ಗಾದೆಪ್ಪ. ಅಲ್ಲಿಗೆ ಮಾತು ಕೂಡಿತು. ಓಬಳೇಶ ಮತ್ತೆ ಪೀಪಾಯಿಗೆ ಇಳಿಯಲಿಲ್ಲ. ಮನೆಯಲ್ಲಿ ಹೆಂಡತಿ ಹೊನ್ನೂರಮ್ಮ ಬಾಗಿಲಿಗೆ ಅಡ್ಡ ಕೂತಳು ಎಂದು ಹೇಳಿಕೊಂಡ; ಅವನಿಗೂ ಇಳಿಯಲು ಮನಸ್ಸಿರಲಿಲ್ಲ. ಈಗ ಜಂಬುನಾಥನ ಎರಡನೇ ತಂಡದಲ್ಲಿ ಅವನೂ ಮೇಲೆ ಕೂರುತ್ತಾನೆ.

ಎರ್ರೆಮ್ಮನ ವಿಷಯ ಇನ್ನೊಂದಾಯಿತು. ಹುಲುಗೇಶನಿಗೆ ಗೊತ್ತಾದದ್ದು ಹಡಗಲಿಗೆ ಗೊತ್ತಾದ ಹಾಗೆ, ಹಡಗಲಿಯಿಂದ ಹೂವಿನ ಬುಟ್ಟಿಗಳ ಜೊತೆ ಸುದ್ದಿ ತಂಬ್ರಹಳ್ಳಿಗೆ ಬಂತು, ತಂಬ್ರಹಳ್ಳಿಯಿಂದ ತವರಿನವರು ಅವಳಿಗೆ ಫೋನು ಮಾಡಿ ಹೇಳಿದರು. ನಿನ್ನ ಗಂಡ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೇ ಸಮ ಮಾತಾಡಿದನಂತೆ ಎಂದರು. ಎರ್ರೆಮ್ಮ ನಂಬಲಿಲ್ಲ. ನಂಬಿದ ಮೇಲೆ ಸಿಟ್ಟಾದಳು.

ಇಟ್ಟಿಗಿಯಿಂದ ಬಂದ ಮರುದಿನ ಗಾದೆಪ್ಪ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದ. ಅವಳು ಬಂದು ಎದುರಿಗೆ ಕೂತಳು.

"ಓಬಳೇಶಣ್ಣನ ಗೊರಕಿ, ಗುಟ್ಕಾ ಎಲ್ಲ ನೆನಪ ಇಟಗೊಂಡು ಹೇಳೀರಂತ. ನನ್ನ ಮ್ಯಾಲ ಏನೈತಿ, ಹೇಳ್ರಿ."

"ಏನಿಲ್ಲ."

"ಇಷ್ಟು ವರ್ಷ ಸಂಸಾರ ಮಾಡಿ ಏನೂ ಇಲ್ಲ ಅಂದ್ರ ನನ್ನ ನೋಡೇ ಇಲ್ಲ ನೀವು."

ಗಾದೆಪ್ಪ ಎರಡು ಮೂರು ಕಾಯಿ ಸುಲಿದ. ಸುಲಿದ ಬೀಜವನ್ನು ಸಿಪ್ಪೆಯ ಗುಡ್ಡೆಗೆ ಹಾಕಿ, ಸಿಪ್ಪೆಯನ್ನು ಮೊರಕ್ಕೆ ಹಾಕಿದ.

"ಒಂದೈತಿ," ಅಂದ. "ನಾ ಮಾತಾಡೋದ್ರಾಗ ಎದ್ದು ಹೋಗ್ತಿ ನೀ."

"ನೀವು ಯಾವತ್ತು ಮಾತಾಡೀರಿ, ನಾ ಎದ್ದು ಹೋಗಾಕ?"

"ಮಾತಾಡ್ಬೇಕಂತ ಇರ್ತೀನಿ. ನನಗ ಹೊತ್ತು ಹಿಡೀತೈತಿ. ಬಾಯಿಗೆ ಬರಾದ್ರಾಗ ನೀ ಎದ್ದು ಒಲಿ ಕಡಿ ಹೋಗಿರ್ತಿ. ಆಮ್ಯಾಲ ಯಾರಿಗೆ ಹೇಳ್ಲಿ?"

ಒಲೆಯ ಮೇಲೆ ಎಸರು ಕುದಿಯುವ ಸದ್ದು ಬಂತು. ಎರ್ರೆಮ್ಮ ಎದ್ದು ಹೋಗಿ ಉರಿ ಆರಿಸಿ, ಹಾಗೇ ಬಂದು ಕೂತಳು.

"ಕುಂತೀನಿ," ಅಂದಳು. "ಹೇಳ್ರಿ."

ಹೊತ್ತು ಹಿಡಿಯಿತು. ಅವಳು ಏಳಲಿಲ್ಲ. ಆಮೇಲೆ ಗಾದೆಪ್ಪ ಶುರು ಮಾಡಿದ. ಕಾಳಿನ ವಿಷಯ, ಹೆಂಟೆಯ ವಿಷಯ, ಟಿವಿಯಲ್ಲಿ ಆ ಕೈ ಕುತ್ತಿಗೆಗೆ ಹೋದದ್ದು. ಓಬಳೇಶ ಸತ್ತರೆ ಹೊನ್ನೂರಮ್ಮನಿಗೆ ಫೋನು ಮಾಡಬೇಕಾದವನು ತಾನೇ ಎಂದು ಹೊಳೆದು ಕಾಲು ನಡುಗಿದ್ದು, ಅದನ್ನು ಜಂಬುನಾಥ ನೋಡಬಾರದೆಂದು ಕಾಲಿನ ಮೇಲೆ ಪೈಪಿನ ಸುರುಳಿ ಇಟ್ಟುಕೊಂಡದ್ದು. ಅದಕ್ಕಿಂತ ಹಿಂದಿನದ್ದೂ ಬಂತು, ಅಪ್ಪ ಸತ್ತ ವರ್ಷದ್ದು, ಮಂದೆ ಮಾರಿದ ದಿನದ್ದು. ನಡುವೆ ನಿಂತಾಗಲೆಲ್ಲ ಎರ್ರೆಮ್ಮ ಶೇಂಗಾ ಸುಲಿಯುತ್ತ ಕಾದಳು.

ನಾಗರತ್ನ ಶಾಲೆಯಿಂದ ಬಂದು ನೋಡಿದರೆ ಅಡುಗೆ ಆಗಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಅಂಗಳದಲ್ಲಿದ್ದರು. ಕರೆದಳು, ಇಬ್ಬರೂ ತಿರುಗಲಿಲ್ಲ. ಅಂಗಡಿಗೆ ಹೋಗಿ ಒಂದು ಬನ್ನು ತಂದು, ಹೊಸ್ತಿಲ ಮೇಲೆ ಕೂತು ತಿಂದಳು.